ತೇಲಬೇಕಾದ ಅಯಸ್ಕಾಂತ

ಕಾಲೇಜಿಗೆ ದ್ರವ ಸಾರಜನಕ ತರುವ ಲಾರಿ ಪರೀಕ್ಷೆಯ ದಿನವೇ ಕೆಟ್ಟು ನಿಂತದ್ದು ಶೈಲೇಶನ ಗ್ರಹಚಾರ. ವಾಮಂಜೂರಿನ ಕಾಲೇಜೊಂದರಲ್ಲಿ ಅವನು ಕ್ವಾಂಟಮ್ ವಸ್ತುಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದ. ಕುಲುಮೆಯಲ್ಲಿ ಸುಟ್ಟು ಸುಟ್ಟು ಕೊನೆಗೂ ಒಂದು ಕಪ್ಪು ಬಿಲ್ಲೆ ತಯಾರಾಗಿತ್ತು. ದ್ರವ ಸಾರಜನಕ ಸುರಿದು ಅದನ್ನು ತಣಿಸಿದರೆ ಮೇಲಿಟ್ಟ ಅಯಸ್ಕಾಂತ ಗಾಳಿಯಲ್ಲಿ ತೇಲುತ್ತದೆ. ಮಧ್ಯಾಹ್ನ ಚೆನ್ನೈಯ ಪರೀಕ್ಷಕರೆದುರು ತೇಲಿದರೆ ಸ್ಕಾಲರ್‌ಶಿಪ್ ಮುಂದುವರಿಯುತ್ತದೆ, ಇಲ್ಲದಿದ್ದರೆ ಇಲ್ಲ.

"ಪಶು ಆಸ್ಪತ್ರೆಯಲ್ಲಿ ಕೇಳು. ಜಾತಿ ಹೋರಿಯ ವೀರ್ಯದ ಕಡ್ಡಿಗಳನ್ನು ಅವರು ಅದರಲ್ಲೇ ಇಡುವುದು" ಎಂದರು ಗೈಡ್ ಊರ್ಮಿಳಾ ಮೇಡಂ.

ನಂತೂರಿನಾಚೆಯ ಪಶು ಆಸ್ಪತ್ರೆಯ ಎಸ್ತೆರ್ ಬಾಯಿ ಒಂದು ಕ್ಯಾನು ತುಂಬಿಸಿ ಬಾಗಿಲ ಬಳಿ ಇಟ್ಟರು. ಹುಡುಗನ ಬೆವರಿದ ಮುಖ ನೋಡಿ ಚಹಾವನ್ನೂ ಕೊಟ್ಟರು. ಪಕ್ಕದಲ್ಲಿ ದನದ ಡಾಕ್ಟ್ರು ಝೇವಿಯರ್ ಬೈಕು ಒರೆಸುತ್ತಿದ್ದರು. ಬಸ್ಸಿನ ಹಾರ್ನು ಕೇಳಿದ್ದೇ ಶೈಲೇಶ ಕೈಗೆ ಸಿಕ್ಕ ಕ್ಯಾನು ಎತ್ತಿಕೊಂಡು ಓಡಿದ.

ವಾಮಂಜೂರಿನಲ್ಲಿ ಇಳಿದರೆ, ಸ್ಟಾಪಿನಲ್ಲಿ ದನ ಸಾಕುವ ಬೋಜಣ್ಣ ಆಸ್ಪತ್ರೆಯಿಂದ ಬರಬೇಕಾದ ಡಾಕ್ಟ್ರಿಗಾಗಿ ಕಾಯುತ್ತಿದ್ದರು. ಕ್ಯಾನಿನ ಮೇಲಿನ 'ಪಶು ಆಸ್ಪತ್ರೆ' ನೋಡಿ ಮುಖ ಅರಳಿತು.

"ಬಂದ್ರಲ್ಲ ಡಾಕ್ಟ್ರೇ! ದನ ಬೆದೆಗೆ ಬಂದು ಬೆಳಿಗ್ಗೆಯಿಂದ ಕೂಗ್ತಾ ಉಂಟು."

"ನಾನಿನ್ನೂ ಡಾಕ್ಟ್ರಾಗಿಲ್ಲ!"

"ನಮ್ಮ ದನಕ್ಕೆ ಅಡ್ಡಿ ಇಲ್ಲ."

"ಇದರಲ್ಲಿ ಕಡ್ಡಿ ಇಲ್ಲ. ಇದು ಕ್ವಾಂಟಮ್ ಮಟೀರಿಯಲ್‌ಗೆ!"

"ಯಾವ ಜಾತಿಯಾದ್ರೂ ಆಗ್ತದೆ. ಹಾಲು ಜಾಸ್ತಿ ಕೊಟ್ರೆ ಸಾಕು."

ಕ್ಯಾನು ಬೋಜಣ್ಣನ ಹೆಗಲೇರಿತು. ಹಿಂದೆ ಶೈಲೇಶ, ತಾಯಿಯ ಹಿಂದೆ ಕರು ಹೋಗುವಂತೆ ಹೋದ. ಅಂಗಳದಲ್ಲಿ ಬೋಜಣ್ಣನ ಹೆಂಡತಿ ಅಮ್ಮಣಿಯಕ್ಕ ಸೋಪು, ಬಿಸಿನೀರು ಇಟ್ಟು ನಿಂತಿದ್ದರು.

ಶೈಲೇಶ ಅಲ್ಲೇ ಪಾಠ ಶುರುಮಾಡಿದ. "ತುಂಬಾ ತಣ್ಣಗಾದಾಗ ಇಲೆಕ್ಟ್ರಾನುಗಳು ಜೋಡಿಯಾಗ್ತವೆ ಅಕ್ಕಾ..."

"ಜೋಡಿ ಆಗ್ಲಿ ಅಂತಲೇ ನಾವೂ ಹೇಳುದಲ್ವಾ ಮಗಾ?"

"ಬೇಕಾದರೆ ನೋಡಿ, ಏನೂ ಇಲ್ಲ!" ಮುಚ್ಚಳ ತೆಗೆದ. ಹೊಗೆ ಸರಿದಾಗ ಒಳಗೆ ಕೆಂಪು, ನೀಲಿ ಕಡ್ಡಿಗಳ ಕಟ್ಟು!

"ಇಷ್ಟೆಲ್ಲ ಇಟ್ಟುಕೊಂಡು ಇಲ್ಲ ಹೇಳುದಾ?" ಬೋಜಣ್ಣನಿಗೆ ನಿಜವಾಗಿಯೂ ಬೇಸರವಾಯಿತು.

ಅಷ್ಟರಲ್ಲಿ ಝೇವಿಯರರ ಬೈಕು ಅಂಗಳಕ್ಕೇ ನುಗ್ಗಿತು. "ಎಂತ ಮಾರಾಯ್ರೆ, ನನ್ನ ಕ್ಯಾನು ಹಿಡ್ಕೊಂಡು ಓಡಿದ್ದಾ? ತಗೊಳ್ಳಿ ನಿಮ್ಮದು. ಒಂದು ತೊಟ್ಟೂ ಚೆಲ್ಲಿಲ್ಲ."

ಶೈಲೇಶ ಆ ಭಾರದ ಕ್ಯಾನನ್ನು ಜಗಲಿಯ ಮೇಲಿಟ್ಟು ಹೊರಡಲು ರಿಕ್ಷಾ ಹುಡುಕಿದ.

"ರಿಕ್ಷಾ ಎಂತಕ್ಕೆ? ನಾನೇ ಬಿಡ್ತೇನೆ. ಸ್ವಲ್ಪ ಬಾಲ ಹಿಡೀರಿ" ಎಂದರು ಝೇವಿಯರ್. ಭೌತಶಾಸ್ತ್ರದ ಚಿನ್ನದ ಪದಕ ಪಡೆದ ಹುಡುಗ ದನದ ಹಟ್ಟಿಗೆ ಹೋಗಿ ಬಾಲ ಹಿಡಿದ. ದನ ಅವನ ಅಂಗಿಯ ಮೇಲೆ ಸಗಣಿ ಹಾಕಿ ಕೃತಜ್ಞತೆ ಸಲ್ಲಿಸಿತು. ಅಮ್ಮಣಿಯಕ್ಕ ಗಂಡನ ಇಸ್ತ್ರಿಯ ಅಂಗಿ ತೊಡಿಸಿ, ಕ್ಯಾನನ್ನು ತಾವೇ ಬೈಕಿಗೆ ಕಟ್ಟಿ ಕಳಿಸಿದರು.

ಲ್ಯಾಬಿನಲ್ಲಿ ಪರೀಕ್ಷಕರು ವಿಮಾನಕ್ಕೆ ತಡವಾಯಿತೆಂದು ಗಡಿಯಾರ ನೋಡುತ್ತಿದ್ದರು. ಝೇವಿಯರ್ ಕೂಡ ತೇಲುವುದನ್ನು ನೋಡಲು ನಿಂತರು. ತಟ್ಟೆಯಲ್ಲಿ ಬಿಲ್ಲೆ, ಅದರ ಮೇಲೆ ಅಯಸ್ಕಾಂತ. ಶೈಲೇಶ ಕ್ಯಾನು ಬಗ್ಗಿಸಿದ.

ಹೊಗೆ ಬರಲಿಲ್ಲ. ಶುಂಠಿಯ ಪರಿಮಳ ಬಂತು. ತಟ್ಟೆಯ ತುಂಬ ಮಜ್ಜಿಗೆ!

ಝೇವಿಯರ್ ಗಾಬರಿಯಿಂದ ಬೋಜಣ್ಣನಿಗೆ ಫೋನ್ ಹಚ್ಚಿದರು. ಸ್ಪೀಕರಿನಲ್ಲಿ ಅಮ್ಮಣಿಯಕ್ಕನ ಸ್ವರ ಇಡೀ ಲ್ಯಾಬಿಗೆ ಕೇಳಿತು: "ಅದರಲ್ಲಿ ಕಡ್ಡಿ ಒಂದೂ ಇರ್ಲಿಲ್ಲ ಡಾಕ್ಟ್ರೇ, ಬರೀ ಹೊಗೆಯ ನೀರು. ಚೆಲ್ಲಿ, ಬಿಸಿನೀರಲ್ಲಿ ಚೆಂದ ತೊಳೆದೆ. ಮನೆಗೆ ಬಂದ ಪಾತ್ರೆ ಖಾಲಿ ಕಳಿಸ್ಲಿಕ್ಕೆ ಉಂಟಾ? ಆ ಹುಡುಗ ಕುಡಿದನಾ? ಪಾಪ, ತುಂಬಾ ಬಳಲಿದ್ದ."

ಊರ್ಮಿಳಾ ಮೇಡಂ ಕಿಟಕಿಯ ಕಡೆ ತಿರುಗಿದರು. ಪರೀಕ್ಷಕರು ಕನ್ನಡಕ ಸರಿಪಡಿಸಿ ತಟ್ಟೆಯ ಮೇಲೆ ಬಗ್ಗಿದರು. ಅಯಸ್ಕಾಂತ ಮುಳುಗಿತ್ತು. ಅದರ ಮೇಲೆ ಒಂದು ಕರಿಬೇವಿನ ಎಲೆ ಆರಾಮವಾಗಿ ತೇಲುತ್ತಿತ್ತು.