ಬಂದರಿನವರು ಬಂದರು

ಇಟ್ಟಮಡುವಿನ ಚಿಕ್ಕಬೈರಪ್ಪನವರು ಜನ್ಮದಲ್ಲಿ ಸಮುದ್ರ ಕಂಡದ್ದು ಒಂದೇ ಸಲ. ಆಗಲೂ ಅಲೆ ಅವರ ಹೊಸ ಚಪ್ಪಲಿ ಹೊತ್ತೊಯ್ದಿತ್ತು. ಆದರೂ ಮಗಳು ಬಿಂದುಶ್ರೀಗೆ ಬಂದ ಎರಡು ಸಂಬಂಧಗಳೂ ಬಂದರಿನಲ್ಲಿ ಕೆಲಸ ಮಾಡುವ ಹುಡುಗರದ್ದೇ ಆದಾಗ, ಒಂದೇ ವಾರ ಮೊಬೈಲ್ ತಿಕ್ಕಿ ವಿಶ್ವ ಬಂದರು ವಿಶಾರದರಾಗಿಬಿಟ್ಟರು. ರಘು ಮಂಗಳೂರಿನಲ್ಲಿದ್ದ, ದಿನೇಶ್ ಸಿಂಗಾಪುರದಲ್ಲಿ.

“ಮಂಗಳೂರಲ್ಲಿ ವರ್ಷಕ್ಕೆ ಬರೀ ಎರಡು ಲಕ್ಷ ಕಂಟೇನರ್ ಕಣೇ! ಸಿಂಗಾಪುರದಲ್ಲಿ ನಾಲ್ಕು ಕೋಟಿ!” ಎಂದು ಅಡುಗೆಮನೆ ಬಾಗಿಲಲ್ಲಿ ನಿಂತು ಘೋಷಿಸಿದರು.

“ಅಷ್ಟೂ ಡಬ್ಬ ಆ ಹುಡುಗನೇ ಹೊರ್ತಾನೇನ್ರೀ?” ಹೆಂಡತಿ ಗೌರಮ್ಮ ಕೇಳಿದರು. “ಬಿಂದು ರಘು ಹತ್ರ ಫೋನಲ್ಲಿ ಎಷ್ಟು ನಗ್ತಾಳೆ, ಅದನ್ನ ನೋಡಿ.”

“ನಗು ಲೆಕ್ಕಕ್ಕಿಲ್ಲ. ಸ್ಕೇಲ್ ಬೇಕು, ಸ್ಕೇಲ್!”

ಬನಶಂಕರಿಯಲ್ಲಿದ್ದ ರಘುವಿನ ತಂದೆ ಪಿಳ್ಳಣ್ಣನವರಿಗೆ ಆಗಲೇ ಫೋನ್ ಮಾಡಿ, “ನಿಮ್ಮ ಬಂದರು ಸಣ್ಣದಾಯ್ತು, ಬೇಜಾರು ಮಾಡ್ಕೋಬೇಡಿ” ಎಂದು ಕೈತೊಳೆದುಕೊಂಡರು.

ರಜೆಯ ಮೇಲೆ ಊರಿಗೆ ಬಂದಿದ್ದ ದಿನೇಶ್ ಭಾನುವಾರ ಹೆಣ್ಣು ನೋಡಲು ಬಂದ. ಕೇಸರಿಬಾತಿನ ತಟ್ಟೆ ಕೈಗೆ ಬಂದದ್ದೇ ತಡ, ಭಾವೀ ಮಾವನವರ ಸಂದರ್ಶನ ಶುರುವಾಯಿತು.

“ಅಲ್ಲಪ್ಪಾ, ಚೀನಾದ ಶಾಂಘೈ ಐದು ಕೋಟಿ ದಾಟಿದೆಯಂತೆ. ನಂಬರ್ ಒನ್! ನಿಮಗೆ ಅಲ್ಲಿ ಕೆಲಸ ಸಿಗಲಿಲ್ವಾ?”

ದಿನೇಶ್ ತಟ್ಟೆ ಕೆಳಗಿಟ್ಟ. “ಅಂಕಲ್, ನೀವು ಶಾಂಘೈಲೇ ಹುಡುಗನ್ನ ಹುಡುಕ್ಕೊಳ್ಳಿ” ಎಂದವನೇ ಅಪ್ಪ ಅಮ್ಮನನ್ನು ಎಬ್ಬಿಸಿಕೊಂಡು ಹೊರಟೇ ಹೋದ. (ಕೇಸರಿಬಾತಿನ ಸರಕು ಹಾಗೇ ದಡದಲ್ಲಿ ಉಳಿಯಿತು.)

ಮೂರು ದಿನ ಮನೆಯಲ್ಲಿ ಯಾರೂ ಚಿಕ್ಕಬೈರಪ್ಪನವರೊಂದಿಗೆ ಮಾತಾಡಲಿಲ್ಲ. ಸಾರು ಕೂಡ ಉಪ್ಪಿನೊಂದಿಗೆ ಮಾತು ಬಿಟ್ಟಿತ್ತು. ನಾಲ್ಕನೆಯ ದಿನ ಮೀಸೆ ತಗ್ಗಿಸಿ ಪಿಳ್ಳಣ್ಣನವರಿಗೆ ಮತ್ತೆ ಫೋನ್ ಹಚ್ಚಿದರು. “ಬಂದರು ಸಣ್ಣದಾದ್ರೇನು, ಸಮುದ್ರ ಒಂದೇ ಅಲ್ವಾ?”

“ಅದಿರ್ಲಿ ಬೈರಪ್ಪನೋರೇ, ನಿಮಗೆ ಬಾಡಿಗೆ ಮನೆ ಎಷ್ಟಿವೆ?”

ರಾಗಿ ಹೊಲವಿದ್ದ ಜಾಗದಲ್ಲಿ ತಾವೇ ನಿಂತು ಕಟ್ಟಿಸಿದ ಮನೆಗಳು. “ಆರು!” ಎಂದರು, ಎದೆಯುಬ್ಬಿಸಿ.

“ಆರೇನಾ? ಜೆ.ಪಿ. ನಗರದಿಂದ ಒಂದು ಸಂಬಂಧ ಬಂದಿದೆ. ಅವರದ್ದು ಇಪ್ಪತ್ನಾಲ್ಕು.”

ಚಿಕ್ಕಬೈರಪ್ಪನವರ ಪಿತ್ತ ನೆತ್ತಿಗೇರಿತು. “ಏನ್ ಸ್ವಾಮೀ, ಮನೆ ಎಣಿಸಿ ಹೆಣ್ಣು ತರ್ತೀರಾ? ಮನುಷ್ಯರನ್ನ ನೋಡಲ್ವಾ?”

ಆ ಕಡೆಯಿಂದ ನಗು ಕೇಳಿಸಿತು. “ಈ ಮಾತು ನಿಮ್ಮ ಬಾಯಲ್ಲೇ ಬರ್ಲಿ ಅಂತ ಕಾಯ್ತಿದ್ದೆ. ಜೆ.ಪಿ. ನಗರದೋರು ಯಾರೂ ಇಲ್ಲ. ರಘು ನಾಳೆ ನಿಮ್ಮನೇಗೆ ಬರ್ತಿದಾನೆ. ಯಾಕೆ, ಮನೇಲಿ ಹೇಳಲಿಲ್ವಾ?”

ಚಿಕ್ಕಬೈರಪ್ಪನವರು ತಿರುಗಿ ನೋಡಿದರು. ಬಿಂದುಶ್ರೀ ಮೊಬೈಲಿನಲ್ಲಿ ಮುಖ ಹುದುಗಿಸಿಕೊಂಡಿದ್ದಳು. ಗೌರಮ್ಮ ಮೊರ ಹಿಡಿದು ಒಬ್ಬಟ್ಟಿಗೆ ಬೇಳೆ ಆರಿಸುತ್ತಿದ್ದರು.

“ಹೇಳೋಣಾಂತಲೇ ಇದ್ವಿ” ಎಂದರು ಗೌರಮ್ಮ, ತಲೆಯೆತ್ತದೆ. “ನೀವು ಇನ್ನೂ ಚೀನಾದಲ್ಲೇ ಇದ್ರಲ್ಲಾ.”