ಶಿವಬಸವ ನಗರದಲ್ಲೊಂದು ಹಾಯಿದೋಣಿ

ಉಳಿದವರ ಮನೆಯ ಮುಂದೆ ದಾಸವಾಳದ ಗಿಡ ಇರುತ್ತದೆ, ಸ್ಕೂಟರ್ ಇರುತ್ತದೆ, ಸ್ವಲ್ಪ ಅನುಕೂಲಸ್ಥರಾದರೆ ಕಾರು ಇರುತ್ತದೆ. ನಮ್ಮ ಅತ್ತಿಯ ಮನೆಯ ಮುಂದೆ ಹಡಗಿದೆ! ಸುಳ್ಳಲ್ಲ. ಬೆಳಗಾವಿಯ ಬಸ್ ನಿಲ್ದಾಣದಲ್ಲಿಳಿದು ಯಾವುದೇ ಆಟೋದವನಿಗೆ "ಶಿವಬಸವ ನಗರ, ಹಡಗಿನ ಮನಿ" ಎಂದು ಹೇಳಿ ನೋಡಿ. ಮರುಮಾತಿಲ್ಲದೆ ಕರೆದುಕೊಂಡು ಹೋಗಿ ಗೇಟಿನ ಮುಂದೆ ಇಳಿಸುತ್ತಾನೆ. ಇಳಿಸಿ ತಾನೂ ಇಳಿದು ಒಮ್ಮೆ ನೋಡಿಕೊಂಡು ಹೋಗುತ್ತಾನೆ.

ಆದರೆ ಅತ್ತಿಯ ಎದುರು ಹಡಗು ಅನ್ನಬೇಡಿ. "ಹಡಗಲ್ಲೋ ತಮ್ಮಾ, ಅದು ಹಾಯಿದೋಣಿ. ಹಡಗಿಗೆ ಎಂಜಿನ್ ಇರ್ತೈತಿ. ನಮ್ಮದಕ್ಕ ಗಾಳಿ ಐತಿ, ನಿಮ್ಮ ಮಾಮಾ ಅದಾರ" ಅನ್ನುತ್ತಾಳೆ.

ಗಾಳಿ ಇದೆ, ಮಾಮಾ ಇದ್ದಾರೆ, ಎಲ್ಲ ಸರಿ. ಸಮುದ್ರ ಎಲ್ಲಿದೆ? ಶಿವಬಸವ ನಗರಕ್ಕೂ ಸಮುದ್ರಕ್ಕೂ ನಡುವೆ ಇಡೀ ಖಾನಾಪುರ ತಾಲೂಕಿದೆ, ಅದರ ಕಾಡಿದೆ, ಕಾಡು ದಾಟಿದರೆ ಘಾಟು ಇದೆ. ಇಷ್ಟನ್ನೂ ದಾಟಿ ದೋಣಿ ಇಲ್ಲಿಗೆ ಬಂದದ್ದಾದರೂ ಹೇಗೆ ಅಂತ ನೀವು ಕೇಳಬೇಕು, ಕೇಳಿ. ಅತ್ತಿ ನಮ್ಮ ಅಪ್ಪನ ತಂಗಿ, ಕಾಕತಿಯಲ್ಲಿ ಹುಟ್ಟಿದವಳು. ಮಾಮಾ ಪಾರಿಶ್ವಾಡದ ಒಕ್ಕಲುತನದ ಮನೆಯವರು, ಓದಿ ಗೋವಾದ ಬಂದರಿನಲ್ಲಿ ಎಂಜಿನಿಯರ್ ಆದರು. ಅಲ್ಲಿ ಊರು ಬಿಟ್ಟು ಹೊರಟ ಒಂದು ಕುಟುಂಬದಿಂದ ಈ ಮರದ ದೋಣಿಯನ್ನು ಕೊಂಡರು. ಆಗಲೇ ಅದು ಹಳೆಯದು. ಒಳಗೊಂದು ಪುಟ್ಟ ಕೋಣೆ. ಇಬ್ಬರು ಮಲಗಬಹುದು, ಮೂರನೆಯವರು ಕೂತು ಗೊಣಗಬಹುದು. ರವಿವಾರ ಅದರಲ್ಲಿ ರೇಸು, ರಜೆ ಬಂದರೆ ಸಂಸಾರ ಸಮೇತ ಕಾರವಾರದ ತನಕ ಪ್ರವಾಸ. ನಿವೃತ್ತಿಯಾಗಿ ಬೆಳಗಾವಿಗೆ ಬರುವಾಗ ಗೋಡಂಬಿ ತರುತ್ತಾರೆ ಅಂತ ನಾವೆಲ್ಲ ಕಾಯುತ್ತಿದ್ದರೆ, ಇವರು ಲಾರಿಯ ಮೇಲೆ ದೋಣಿ ಹೇರಿಕೊಂಡು ಬಂದರು!

ರೇಸಿನಲ್ಲಿ ಇವರು ಗೆದ್ದ ದಾಖಲೆ ಎಲ್ಲೂ ಇಲ್ಲ. ಕಾರಣ ಅತ್ತಿಯ ಬುತ್ತಿ. ಎಲ್ಲ ದೋಣಿಗಳೂ ತಿರುವಿನ ಗುರುತಿನ ಹತ್ತಿರ ಹಾಯಿ ಹೊರಳಿಸಲು ಹೆಣಗುತ್ತಿರುವಾಗ ಇವರ ದೋಣಿಯಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಿಚ್ಚಿಕೊಂಡಿರುತ್ತಿತ್ತು. ಹಾಯಿ ಹೊರಳಿದರೆ ದೋಣಿ ವಾಲುತ್ತದೆ, ವಾಲಿದರೆ ಪಲ್ಯ ಚೆಲ್ಲುತ್ತದೆ. "ಊಟ ಆಗೂಮಟಾ ಸೀದಾ ನಡೀರಿ" ಅಂತ ಅತ್ತಿಯ ಆಜ್ಞೆ. ಮಾಮಾ ಸೀದಾ ನಡೆಯುತ್ತಿದ್ದರು. ರೇಸು ಎಡಕ್ಕೆ ಹೋಗುತ್ತಿತ್ತು.

"ಕಡೀಕ ಬರ್ತಿದ್ವಿ, ಖರೇ. ಆದ್ರ ಹೊಟ್ಟಿ ತುಂಬಿಸಿಕೊಂಡು ಬಂದವರು ನಾವಷ್ಟ" ಎಂದು ಅತ್ತಿ ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾಳೆ.

ಬೆಳಗಾವಿಗೆ ಬಂದ ಮೇಲೆ ದೋಣಿ ತಾಡಪತ್ರಿ ಹೊದ್ದು ಮಲಗಿತು. ಹಾಯಿಯ ಹಗ್ಗದ ಮೇಲೆ ಚಾದರ ಒಣಗಿದವು. ದಿಕ್ಸೂಚಿ ದೇವರ ಜಗಲಿಯ ಮೇಲೆ ಹೋಗಿ ಕೂತು ದಿನಾಲೂ ವಿಭೂತಿ ಹಚ್ಚಿಸಿಕೊಂಡಿತು. ಹೀಗೇ ವರ್ಷಗಳು ಕಳೆದು ಹೋಗುತ್ತಿದ್ದವೋ ಏನೋ, ಆದರೆ ಮಾಮಾರ ಬಲಗೈ ನಡುಗಲು ಶುರುವಾಯಿತು.

ಮೊದಮೊದಲು ಬರೀ ಬೆರಳು. ಆಮೇಲೆ ಇಡೀ ಕೈ. ಸುಮ್ಮನೆ ತೊಡೆಯ ಮೇಲಿಟ್ಟುಕೊಂಡು ಕೂತರೂ ನಡುಗುತ್ತದೆ. ಡಾಕ್ಟರು ಔಷಧ ಕೊಟ್ಟರು, ವ್ಯಾಯಾಮ ಹೇಳಿದರು, ಇದು ನಿಧಾನಕ್ಕೆ ಹೆಚ್ಚಾಗುವ ಕಾಯಿಲೆ ಅಂತಲೂ ಹೇಳಿದರು. ಕಳೆದ ಬೇಸಿಗೆಯಲ್ಲಿ ಒಂದು ದಿನ ಬೀಗರು ಬಂದಿದ್ದರು. ಎಲ್ಲರ ಎದುರು ಮಾಮಾರ ಕೈಯಿಂದ ಚಹಾ ಅಂಗಿಯ ಮೇಲೆ ಚೆಲ್ಲಿತು. ಮಾಮಾ ಕಪ್ಪನ್ನು ಕೆಳಗಿಟ್ಟು, "ನಾ ಚಹಾ ಬಿಟ್ಟೇನಿ" ಎಂದರು. ದಿನಕ್ಕೆ ಐದಾರು ಸಲ ಚಹಾ ಕುಡಿಯುವ ಮನುಷ್ಯ! ಮರುದಿನವೇ ಅತ್ತಿ ನನಗೆ ಫೋನ್ ಮಾಡಿ ಕರೆಸಿದಳು.

"ತಮ್ಮಾ, ಅವರ ಕೈ ಇನ್ನೂ ಒಂದೀಟು ಮಾತ ಕೇಳ್ತಾವು. ಮುಂದಿನ ವರ್ಷ ಕೇಳ್ತಾವೋ ಇಲ್ಲೋ, ಡಾಕ್ಟರಿಗೂ ಗೊತ್ತಿಲ್ಲ. ಈ ದಸರಾಕ್ಕ ಬೋಟ್ ನೀರಿಗೆ ಇಳೀಬೇಕು. ಚುಕ್ಕಾಣಿ ಅವರ ಕೈಯಾಗ ಇರಬೇಕು. ತಿಳೀತಿಲ್ಲೋ?"

"ತಿಳೀತು ಅತ್ತಿ. ಆದ್ರ ಅದು ಒಣಗಿ ಬಿರುಕ ಬಿಟ್ಟೈತಲಾ."

"ನನ್ನ ಹಿಮ್ಮಡೀನೂ ಬಿರುಕ ಬಿಟ್ಟಾವು. ನಾ ನಡ್ಯಾಕತ್ತಿಲ್ಲೇನು?"

ಬ್ರಿಟಿಷರ ಮೇಲೆ ಕತ್ತಿ ಎತ್ತಿದ ರಾಣಿಯ ತವರು ಕಾಕತಿಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಹಿಂದೆ ಸರಿಯುವುದು ಗೊತ್ತಿಲ್ಲ ಅಂತ ಅತ್ತಿಯ ವಾದ. ಅದರ ಫಲವನ್ನು ಅಣ್ಣಂದಿರ ಮಕ್ಕಳು ಉಣ್ಣಬೇಕು, ಅಷ್ಟೇ. ನಾನು ತಾಡಪತ್ರಿ ಎಳೆದೆ.

ದೋಣಿ ಎಲ್ಲೆಲ್ಲಿ ಸೋರುತ್ತದೆ ಅಂತ ಮೊದಲು ಗೊತ್ತಾಗಬೇಕಲ್ಲ? ಅದಕ್ಕೆ ನೀರಿಗಿಳಿಸಬೇಕು. ನೀರಿಲ್ಲದ ಊರಲ್ಲಿ ಎಲ್ಲಿಗೆ ಇಳಿಸುವುದು? ಅತ್ತಿ ಸರಳ ಉಪಾಯ ಹುಡುಕಿದಳು: ದೋಣಿ ನೀರಿಗೆ ಇಳಿಯದಿದ್ದರೆ ನೀರೇ ದೋಣಿಗೆ ಇಳಿಯಲಿ! ಮಾಮಾ ಕಟ್ಟೆಯ ಮೇಲೆ ಕೂತು, "ಏ, ಅದಕ್ಕ ಹೊರಗಿನ ನೀರ ತಡಿಯೂ ರೂಢಿ ಐತಿ, ಒಳಗಿಂದಲ್ಲ. ಮೊಣಕಾಲಮಟಾ ಸಾಕು" ಎಂದು ಮೆಲ್ಲಗೆ ಹೇಳಿದರು. ನಳ ಬರುವ ದಿನ ಪೈಪು ಹಚ್ಚಿ ತುಂಬಿಸಿದೆವು. ತೊಟ್ಟಿಕ್ಕಿದ ಕಡೆಯೆಲ್ಲ ಗುರುತಿರಲಿ ಅಂತ ಅತ್ತಿ ಒಂದೊಂದು ಕುಂಕುಮದ ಬೊಟ್ಟು ಇಡುತ್ತ ಹೋದಳು. ಸಂಜೆಯ ಹೊತ್ತಿಗೆ ದೋಣಿಯ ಮೈತುಂಬ ಕುಂಕುಮ. ಹಾದಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬಳು ಗೇಟಿನ ಹೊರಗೇ ಚಪ್ಪಲಿ ಬಿಟ್ಟು ಬಂದು ಕೈಮುಗಿದಳು. "ಯಾವ ದೇವರಿದು ಯವ್ವಾ?" ಅಂತ ಕೇಳಿದ್ದು ಆಮೇಲೆ.

ಮುಂದಿನ ವಾರ ನಳ ಬರಲಿಲ್ಲ. ದೋಣಿಯ ಮರ ನೆನೆದು ಉಬ್ಬಿ ಒಳಗೆ ಇನ್ನೂ ನೀರು ನಿಂತಿತ್ತು. ಓಣಿಯ ಹೆಂಗಸರು ಕೊಡ ಹಿಡಿದು ದೋಣಿಯ ಮುಂದೆ ಪಾಳಿ ಹಚ್ಚಿದರು. ಲೋಕದ ದೋಣಿಗಳೆಲ್ಲ ಒಳಗೆ ನೀರು ಬಂದರೆ ಗಾಬರಿಯಾಗಿ ಹೊರಗೆ ಚೆಲ್ಲುತ್ತವೆ. ನಮ್ಮ ದೋಣಿ ಓಣಿಗೆಲ್ಲ ನೀರು ಹಂಚಿತು.

ಆ ಕೊಡದ ಋಣವನ್ನು ಅತ್ತಿ ಸುಮ್ಮನೆ ಬಿಡಲಿಲ್ಲ. ಹಲಗೆಗಳ ಸಂದಿಯಲ್ಲಿ ಅರಳೆ ತುರುಕಿ ಮೇಲೆ ರಾಳ ಹಚ್ಚಿದರೆ ಸೋರುವುದು ನಿಲ್ಲುತ್ತದೆ ಅಂತ ಮಾಮಾ ಹೇಳಿದ್ದರು. ಸಂದಿಯ ಉದ್ದಕ್ಕೂ ಹೊಸೆದ ಅರಳೆ ಬೇಕು. ಆಷಾಢ ಹತ್ತಿರ ಬಂದಿತ್ತು. ಮುಂದಿನ ಶ್ರಾವಣಕ್ಕೆ ದೀಪದ ಬತ್ತಿ ಹೊಸೆಯಲು ಓಣಿಯ ಹೆಂಗಸರು ಮಧ್ಯಾಹ್ನ ಕೂಡುತ್ತಿದ್ದರು. ಅತ್ತಿ ಹೋಗಿ, "ಈ ವರ್ಷ ಬತ್ತಿ ಉದ್ದ ಹೊಸೀರಿ" ಅಂದಳು.

"ಎಷ್ಟ ಉದ್ದರಿ?"

"ಗೇಟಿನಿಂದ ಹಿತ್ತಲಮಟಾ."

ಹೊಸೆದರು! ಹಾಡು ಹೇಳುತ್ತ, ಸೊಸೆಯಂದಿರ ಸುದ್ದಿ ಮಾತಾಡುತ್ತ, ಮಾರುಗಟ್ಟಲೆ ಬತ್ತಿ ಹೊಸೆದು ಕೊಟ್ಟರು. ಇಡೀ ಓಣಿಯ ಸೊಸೆಯಂದಿರ ಸುದ್ದಿ ಆ ದೋಣಿಯ ಸಂದಿಯಲ್ಲಿ ಅಡಕವಾಗಿದೆ. ಅದು ಸೋರಲು ಸಾಧ್ಯವೇ ಇಲ್ಲ ಅಂತ ನಾನು ತಮಾಷೆ ಮಾಡಿದೆ. "ಸುದ್ದಿ ಸೋರ್ತೈತಿ, ನೀರ ಸೋರೂದಿಲ್ಲ" ಅಂದಳು ಅತ್ತಿ.

ಇನ್ನು ಹಾಯಿ. ಖಡೇಬಜಾರದ ಶಾಮಿಯಾನ ಹೊಲಿಯುವವನಿಂದ ತೇಪೆ ಹಾಕಿಸಿದ್ದಾಯಿತು. ಹಾಕಿಸಿದ್ದನ್ನು ಏರಿಸಿ ನೋಡಬೇಡವೇ? ಬೆಳಗಾವಿಯ ಆಷಾಢದ ಗಾಳಿ ನಿಮಗೆ ಗೊತ್ತಿದ್ದರೆ ನೀವು ಈ ಕೆಲಸ ಮಾಡುತ್ತಿರಲಿಲ್ಲ. ಅತ್ತಿಗೂ ಗೊತ್ತಿತ್ತು, ಆದರೂ ಮಾಡಿದಳು. ದೋಣಿ ಗಾಲಿಯ ಚೌಕಟ್ಟಿನ ಮೇಲೆ ಇತ್ತು. ಗಾಲಿಗೆ ಕಲ್ಲು ಕೊಟ್ಟಿದ್ದೆವು. ಹಾಯಿ ಪೂರ್ತಿ ಬಿಚ್ಚಿಕೊಂಡಿತೋ ಇಲ್ಲವೋ, ಕಲ್ಲು ಸರಿಯಿತು, ದೋಣಿ ಗೇಟು ದಾಟಿತು, ಶಿವಬಸವ ನಗರದ ಇಳಿಜಾರಿನಲ್ಲಿ ಹೊರಟೇಬಿಟ್ಟಿತು! ನಾನು ಹಿಂದಿನಿಂದ ಹಾಯಿಯ ಹಗ್ಗ ಹಿಡಿದು ಓಡಿದೆ. ಹಿಡಿದಿದ್ದೆ ಅನ್ನುವುದಕ್ಕಿಂತ ಅದೇ ನನ್ನನ್ನು ಎಳೆದುಕೊಂಡು ಹೊರಟಿತ್ತು ಅನ್ನುವುದು ಸರಿ.

ಆಗ ಹಿಂದಿನಿಂದ ಒಂದು ದನಿ ಕೇಳಿತು. "ಹಾಯಿ ಇಳಸೋ! ಹಗ್ಗ ಬಿಡು, ಹಾಯಿ ಹಗ್ಗ ಬಿಡು!" ಮಾಮಾ! ತಿಂಗಳುಗಳಿಂದ ಪಿಸುಮಾತಿನಲ್ಲಿ ಮಾತಾಡುತ್ತಿದ್ದ ಮಾಮಾ ಓಣಿ ಅದುರುವಂತೆ ಕೂಗುತ್ತಿದ್ದರು. ಹಗ್ಗ ಬಿಟ್ಟೆ. ಹಾಯಿ ಬಡಬಡನೆ ಬಡಿದುಕೊಂಡು ಸುಮ್ಮನಾಯಿತು. ದೋಣಿ ಹೋಗಿ ಕೆಳಗಿನ ಮನೆಯ ಕಂಪೌಂಡಿಗೆ ಮೆತ್ತಗೆ ತಾಗಿ ನಿಂತಿತು. ಆ ಮನೆಯವರು ಹೊರಗೆ ಬಂದು ನೋಡಿ ಅತ್ತಿಗೆ ಕೂಗಿ ಹೇಳಿದರು:

"ಅಕ್ಕಾರ, ನಿಮ್ಮ ಬೋಟ್ ನಮ್ಮ ಮನಿಗೆ ಬಂದೈತ್ರಿ!"

"ಚಹಾ ಕುಡಿಸಿ ಕಳಸ್ರಿ!" ಎಂದಳು ಅತ್ತಿ.

ಗೇಟಿನಲ್ಲಿ ನಿಂತು ಮಾಮಾ ನಕ್ಕರು. ಬೀಗರ ಮುಂದೆ ಚಹಾ ಚೆಲ್ಲಿದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಉಳಿದದ್ದು ಚುಕ್ಕಾಣಿಯ ಹಿಡಿಕೆ. ಅದನ್ನು ಗೆದ್ದಲು ತಿಂದು ಮುಗಿಸಿತ್ತು. ಮಾಮಾರ ಹಟ, ಪಾರಿಶ್ವಾಡದ ಬಡಿಗೇರನೇ ಮಾಡಬೇಕು, ಅವರ ಅಪ್ಪನ ಕಾಲದಿಂದಲೂ ಅದೇ ಮನೆಯವರು ಇವರ ಹೊಲದ ಸಾಮಾನು ಮಾಡಿಕೊಡುತ್ತ ಬಂದವರು. ಅತ್ತಿ ಕಾಗದದ ಮೇಲೆ ಚಿತ್ರ ಬರೆದುಕೊಟ್ಟು ಬಂದಳು: ಉದ್ದನೆಯ, ನುಣುಪಾದ, ಮಲಗಿಸಿದ ಕೋಲು. ಬಡಿಗೇರ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, "ಇದರಿಂದ ಏನ ಮಾಡ್ತಾರ್ರಿ?" ಅಂದಿದ್ದ. "ಹಿಂದ ಕುಂತು ಹಿಡ್ಕೊಂಡು, ಮುಂದಿಂದು ಎತ್ತಾಗ ಹೋಗಬೇಕು ಅತ್ತಾಗ ನಡಸ್ತಾರ" ಅಂತ ಅತ್ತಿ ವಿವರಿಸಿದ್ದಳು. ಈ ವಿವರಣೆಯಲ್ಲೇ ಎಡವಟ್ಟಾಯಿತು. ನಾವು ಹೋದಾಗ ಬಡಿಗೇರ ಗೋಣಿಚೀಲ ಸರಿಸಿ ತೋರಿಸಿದ್ದು, ತುದಿಯಲ್ಲಿ ಮೇಲಕ್ಕೆದ್ದ ಗಟ್ಟಿ ಹಿಡಿ ಇರುವ, ಅಚ್ಚುಕಟ್ಟಾದ ನೇಗಿಲಿನ ಮೇಳಿ!

ಅತ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಾಯಿ ತೆರೆದಳು, ಮುಚ್ಚಲಿಲ್ಲ. "ನಾವೇನು ಸಮುದ್ರ ರೆಂಟಿ ಹೊಡ್ಯಾಕ ಹೊಂಟೇವೇನೋ? ರೇಸಿನ ಬೋಟಿಗೆ ಮೇಳಿ ಹಚ್ಚಿದ್ರ ಗೋವಾದವರು ಏನಂದಾರು?"

"ಹಿಂದ ಹಿಡ್ಕೊಂಡು ಮುಂದಿಂದು ನಡಸೂದು ಅಂದ್ರ ಇದ ರೀ ಮತ್ತ" ಎಂದು ಬಡಿಗೇರ ತಣ್ಣಗೆ ಹೇಳಿದ.

ಮಾಮಾ ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಸವರಿದರು. ಚಿಕ್ಕವರಿದ್ದಾಗ ಅಪ್ಪನ ಕೈಗಳ ನಡುವೆ ನಿಂತು ಇಂಥದೇ ಮೇಳಿ ಹಿಡಿದು ಹೊಲದ ತುಂಬ ನಡೆದಿದ್ದರಂತೆ. "ಇರಲಿ ಬಿಡು. ಇದನ್ನ ಹಚ್ಚೂಣು" ಅಂದರು. ಅತ್ತಿ ಜನ್ಮದಲ್ಲಿ ಮೊದಲ ಸಲ ಹಿಂದೆ ಸರಿದಳು. ಆದರೆ ಖಾನಾಪುರ ಬರುವತನಕ ಬಸ್ಸಿನಲ್ಲಿ ಗೊಣಗುವುದನ್ನು ಬಿಡಲಿಲ್ಲ.

ಖಂಡೇನವಮಿಗೆ ದೋಣಿಗೆ ಪೂಜೆ ಮಾಡಿ, ಕುಂಬಳಕಾಯಿ ಒಡೆದು, ಲಾರಿಗೆ ಏರಿಸಿದೆವು. ದಸರೆಯ ದಿನ ಎಲ್ಲರೂ ಸೀಮೋಲ್ಲಂಘನ ಅಂತ ಊರ ಗಡಿ ದಾಟಿ ಬನ್ನಿಗಿಡದ ತನಕ ಹೋಗಿ ಬರುತ್ತಾರೆ. ನಮ್ಮ ಅತ್ತಿ ರಾಜ್ಯದ ಗಡಿಯನ್ನೇ ದಾಟುವುದೆಂದು ತೀರ್ಮಾನಿಸಿದ್ದಳು. ಬೆಳಿಗ್ಗೆ ಹೊರಡುವ ಮುಂಚೆ ಮನೆಯಲ್ಲಿ ಬನ್ನಿ ಹಂಚಿಕೊಂಡೆವು. ನಾನು ಮಾಮಾರ ಕಾಲಿಗೆರಗಿ ಅವರ ಕೈಯಲ್ಲಿ ಬನ್ನಿ ಎಲೆ ಇಟ್ಟೆ. ಕೈ ನಡುಗಿ ಎಲೆ ನೆಲಕ್ಕೆ ಬಿತ್ತು. ಎತ್ತಿ ಇಟ್ಟೆ. ಮತ್ತೆ ಬಿತ್ತು. ಮಾಮಾ ಮುಖ ಆ ಕಡೆ ತಿರುಗಿಸಿ, "ಗಾಡಿ ತಯಾರಾತೇನು ನೋಡು" ಅಂದರು. ಅತ್ತಿ ಬಿದ್ದ ಎಲೆಗಳನ್ನು ಆರಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಘಾಟಿನ ತಪಾಸಣೆ ಕಟ್ಟೆಯಲ್ಲಿ ಒಬ್ಬ ಪೊಲೀಸ್ ಲಾರಿಯ ಸುತ್ತ ಬಂದು, "ಒಳಗ ಏನೈತ್ರಿ ಅಜ್ಜಿ?" ಅಂದ. "ಲಂಗರು, ಹಗ್ಗ, ಶೇಂಗಾ ಹಿಂಡಿ" ಎಂದಳು ಅತ್ತಿ. ಹಿಂಡಿಯ ಡಬ್ಬಿ ಅವನ ಮೂಗಿನ ಮುಂದೆ ತೆರೆದದ್ದರಿಂದ ಬೇಗ ಬಿಟ್ಟ.

ಗೋವಾ ಮುಟ್ಟಿ ದೋಣಿಯನ್ನು ನೀರಿಗಿಳಿಸಿದಾಗ ಇಳಿಹೊತ್ತು. ಸಮುದ್ರಕ್ಕೆ ಹತ್ತಿರದ ಹೊಳೆ, ಹಿತವಾದ ಗಾಳಿ. ಬತ್ತಿ ಹೊಸೆದ ಕೈಗಳಿಗೆ ನಮಸ್ಕಾರ, ಒಂದು ಹನಿ ಸೋರಲಿಲ್ಲ. ನಾವು ಮಾಮಾರನ್ನು ಎರಡೂ ಕಡೆ ಹಿಡಿದು ದೋಣಿಗೆ ಇಳಿಸಿ ಹಿಂದೆ ಕೂರಿಸಿದೆವು. ಅತ್ತಿ ಮುಂದಿನ ಹಾಯಿಯ ಹಗ್ಗ ಹಿಡಿದಳು. ದೊಡ್ಡ ಹಾಯಿ ಏರಿತು, ಗಾಳಿ ತುಂಬಿತು, ದೋಣಿ ಒಂದು ಕಡೆ ವಾಲಿ ಹೊರಟಿತು. ಮಾಮಾ ಮೇಳಿಯನ್ನು ಮುಷ್ಟಿಯಲ್ಲಿ ಹಿಡಿದು ತಮ್ಮ ಕಡೆಗೆ ಎಳೆದುಕೊಂಡರು.

ಕೈ ನಡುಗಲಿಲ್ಲ.

ನನಗೆ ನಂಬಿಕೆಯಾಗಲಿಲ್ಲ, ಮತ್ತೆ ನೋಡಿದೆ. ತೊಡೆಯ ಮೇಲೆ ಸುಮ್ಮನಿದ್ದಾಗ ನಡುಗುತ್ತಿದ್ದ ಕೈ, ನೀರಿನ ಭಾರ ಎಳೆಯುತ್ತಿದ್ದ ಆ ಹಿಡಿಯ ಮೇಲೆ ಅಲುಗದೆ ಕೂತಿತ್ತು. ಮಾಮಾ ಹಾಯಿಯನ್ನು ನೋಡುತ್ತಿದ್ದರು, ಕೈಯನ್ನಲ್ಲ. ಅತ್ತಿ ಹಗ್ಗವನ್ನು ನನ್ನ ಕೈಗೆ ಕೊಟ್ಟು, ಬಾಗಿಕೊಂಡು ಹಿಂದಕ್ಕೆ ಹೋದಳು. ಸೆರಗಿನ ಗಂಟು ಬಿಚ್ಚಿ ಒಂದು ಬನ್ನಿ ಎಲೆ ತೆಗೆದು ಮಾಮಾರ ಎರಡು ಬೆರಳ ಸಂದಿಯಲ್ಲಿ ಸಡಿಲವಾಗಿ ಸಿಕ್ಕಿಸಿದಳು.

"ಬನ್ನಿ ತಗೊಂಡು ಬಂಗಾರಧಂಗ ಇರೂಣ್ರಿ" ಎಂದಳು.

"ಇರೂಣು" ಎಂದರು ಮಾಮಾ.

ಅತ್ತಿ ಅವರ ಪಕ್ಕದಲ್ಲೇ ಕೂತು ಆ ಎಲೆಯನ್ನೇ ನೋಡತೊಡಗಿದಳು. ಹೊತ್ತು ಇಳಿಯಿತು, ದಡ ದೂರವಾಯಿತು, ತಿರುಗಬೇಕಾದ ಜಾಗ ಬಂತು, ದಾಟಿಯೂ ಹೋಯಿತು. ಬುತ್ತಿ ಬಿಚ್ಚಿರಲಿಲ್ಲ, ಆದರೂ ದೋಣಿ ಸೀದಾ ಹೋಗುತ್ತಿತ್ತು. ಕೊನೆಗೆ ನಾನೇ ಕೇಳಿದೆ.

"ಅತ್ತಿ, ಹೊಳ್ಳೂಣೇನು? ಕತ್ತಲಾಕೈತಿ."

"ಸುಮ್ಮನಿರೋ" ಎಂದಳು ಅತ್ತಿ, ಕಣ್ಣು ಎತ್ತದೆ. "ಎಲಿ ಇನ್ನೂ ಬಿದ್ದಿಲ್ಲ."