ಕೆರೆ ಏರಿಯ ಮೇಲೆ ಕಂಡಕ್ಟರ್

ಮೂವತ್ತು ವರ್ಷ ಬಸ್ಸಿನಲ್ಲಿ ನಿಂತು ದುಡಿದವನಿಗೆ ನಿವೃತ್ತಿಯಾದರೂ ಬಸ್ಸು ಬೆನ್ನು ಬಿಡುವುದಿಲ್ಲ. ನನಗಂತೂ ವಾರಕ್ಕೊಂದು ಪ್ರಸಂಗ ಕಟ್ಟಿಟ್ಟ ಬುತ್ತಿ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ದಾರಿಯಲ್ಲಿ ಕಂಡಕ್ಟರ್ ಆಗಿದ್ದವನು ನಾನು. ಈಗ ಹಗರಿಬೊಮ್ಮನಹಳ್ಳಿ ಕಡೆಯ ಒಂದು ಪಕ್ಷಿಧಾಮದ ಕೆರೆಯಲ್ಲಿ, ಬಂದವರನ್ನು ಏರಿಯ ಮೇಲೆ ನಡೆಸಿಕೊಂಡು ಹೋಗಿ ಹಕ್ಕಿ ತೋರಿಸುತ್ತೇನೆ. ಸಂಬಳವಿಲ್ಲ, ಆದರೆ ಜೀವ ಅದರಲ್ಲೇ ಇದೆ.

೧. ಮೊದಲ ಟ್ರಿಪ್ಪು

ಮೊದಲ ದಿನ ಹಡಗಲಿಯಿಂದ ಹತ್ತು ಜನ ಬಂದರು. ನೀರಿನಲ್ಲಿ ನಿಂತ ಜಾಲಿ ಮರಗಳ ತುಂಬ ಬಣ್ಣದ ಕೊಕ್ಕರೆಗಳು. ಇವರೋ ಗೇಟಿನಲ್ಲೇ ಗುಂಪುಗಟ್ಟಿ ನಿಂತುಬಿಟ್ಟರು. ನನ್ನ ಬಾಯಿ ತಾನಾಗಿ ತೆರೆಯಿತು.

"ಬಾಗ್ಲಾಗ ನಿಂದರಬ್ಯಾಡ್ರಿ! ಒಳಗ ನಡೀರಿ, ಹಿಂದ ಜಾಗ ಐತಿ! ರೈಟ್, ರೈಟ್!"

ಜನ ಒಳಗೆ ಬಂದರು, ಹಕ್ಕಿಗಳು ಹೊರಗೆ ಹೋದವು. ಕೆರೆ ಕಾಯುವ ಗಾರ್ಡ್ ಓಡಿ ಬಂದ. ನನ್ನ ಮಗನ ವಯಸ್ಸಿನವನು.

"ಯಜಮಾನ್ರ, ಹಕ್ಕಿ ತೋರಸ್ರಿ ಅಂದ್ರ ಓಡಿಸಿಬಿಟ್ರಲ್ರಿ! ಹಕ್ಕಿ ಎಣಿಕಿ ದಿನದ ತನಕ ನೋಡ್ತೀನಿ. ಅಷ್ಟರಾಗ ನಿಮ್ಮಿಂದ ಉಪಯೋಗ ಐತಿ ಅನಿಸಿದ್ರ ಬರ್ರಿ, ಇಲ್ಲಾಂದ್ರ ಮನ್ಯಾಗ ಆರಾಮ ಇರ್ರಿ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಗಾಬರಿಯಿಂದ ದೇವರ ಕಡೆ ತಿರುಗಿ ಕೈಮುಗಿದಳು. "ಮೈಲಾರಲಿಂಗಪ್ಪಾ, ಹಂಗ ಮಾತ್ರ ಮಾಡಬ್ಯಾಡಪ್ಪಾ! ಇವರು ಮನ್ಯಾಗ ಕುಂತ್ರ ನಾ ಎಲ್ಲಿಗೆ ಹೋಗ್ಲಿ?"

೨. ದುರ್ಬೀನಿನ ಪಾಠ

ದನಿ ತಗ್ಗಿಸುವುದು ಹೇಗೆ? ಡೀಸೆಲ್ ಇಂಜಿನ್ನಿನ ಮೇಲೆ ಒದರಿ ಒದರಿ ಪಳಗಿದ ಗಂಟಲು ಇದು. ಆಗ ನನಗೆ ಗುರು ಸಿಕ್ಕಿದ್ದು ಏರಿಯ ಆಚೆ ಕುರಿ ಮೇಯಿಸುವ ಹಿರಿಯ. ಬೀಡಿ ಸೇದಲು ಬಂದವನ ಕೈಗೆ ದುರ್ಬೀನು ಕೊಟ್ಟು ಕೊಕ್ಕರೆ ನೋಡು ಅಂದೆ. ಅವನು ಕೊಕ್ಕರೆಯ ಕಡೆ ತಿರುಗಲೇ ಇಲ್ಲ, ಸೀದಾ ತನ್ನ ಕುರಿಗಳತ್ತ ಹಿಡಿದ. ಅರ್ಧ ಮೈಲು ದೂರದಲ್ಲಿ ಅವು ಯಾರದೋ ಸಜ್ಜೆ ಹೊಲಕ್ಕೆ ನುಗ್ಗಿದ್ದವು.

ಅವನು ದುರ್ಬೀನು ಕಣ್ಣಿಗೊತ್ತಿಕೊಂಡೇ ಪಿಸುಗುಟ್ಟಿದ: "ಏಯ್, ಹೊರಗ ಬರ್ರೇ... ಬರ್ರೇ..."

"ಅಣ್ಣಾ, ಜೋರಾಗಿ ಕೂಗು!" ಅಂದೆ.

"ತಮ್ಮಾ, ಮೂಗಿನ ಮುಂದ ಅದಾವ, ಯಾಕ ಒದರ್ಲಿ?"

ಹೊಲದವರಿಂದ ಅವನು ಬೈಸಿಕೊಂಡ ಅನ್ನುವುದು ಬೇರೆ ಮಾತು. ನನಗಂತೂ ದಾರಿ ಸಿಕ್ಕಿತು. ಅವತ್ತಿನಿಂದ ದುರ್ಬೀನು ಕಣ್ಣಿಗಿಟ್ಟೇ ಮಾತಾಡತೊಡಗಿದೆ. ದನಿ ತಾನಾಗಿ ಇಳಿಯಿತು. ಹಾಲಿನವನ ಹತ್ತಿರವೂ ಹಾಗೇ ಮಾತಾಡಿದೆನೆಂದು ಹೆಂಡತಿ ಇವತ್ತಿಗೂ ಬೈಯುತ್ತಾಳೆ.

೩. ಕೆಸರು

ಈ ವಿದ್ಯೆ ಬೇಕಾದ್ದಕ್ಕಿಂತ ಹೆಚ್ಚೇ ಕೈಗೆ ಹತ್ತಿತು. ಹರಪನಹಳ್ಳಿಯಿಂದ ಒಬ್ಬ ಬಟ್ಟೆ ವ್ಯಾಪಾರಿ ಬಿಳಿ ಪ್ಯಾಂಟು ಹಾಕಿಕೊಂಡು ಬಂದಿದ್ದರು. ಎದುರಿನ ಕೊಂಬೆಯ ಮೇಲೆ ಮಿಂಚುಳ್ಳಿ. ಅದು ಹಾರಿ ಹೋಗದಿರಲೆಂದು ನಾನು ಮೆಲ್ಲಗೆ, ಅತಿ ಮೆಲ್ಲಗೆ ಹೇಳಿದೆ: "ಸಾವ್ಕಾರ್ರ, ಎಡಕ್ಕ ಹೆಜ್ಜಿ ಇಡಬ್ಯಾಡ್ರಿ, ಜೌಗು ಐತಿ."

ಅವರು ಎಡಕ್ಕೇ ಇಟ್ಟರು. ಮೊಣಕಾಲ ತನಕ ಇಳಿದರು.

"ಮೊದ್ಲೇ ಹೇಳಬಾರ್ದೇನ್ರಿ?"

"ಹೇಳಿದ್ನಲ್ರಿ."

"ನನಗ ಕೇಳ್ಸಿಲ್ಲ!"

"ಹಕ್ಕಿಗೂ ಕೇಳ್ಸಿಲ್ಲ ನೋಡ್ರಿ!" ಅಂದೆ, ಹಿಗ್ಗು ತಡೆಯಲಾರದೆ. ಗಾರ್ಡ್ ಬಂದವನು ಮೊದಲು ಮಿಂಚುಳ್ಳಿಯನ್ನು ನೋಡಿದ. ಅದು ಕೂತಲ್ಲೇ ಕೂತಿತ್ತು. ಮುಖ ಅರಳಿಸಿ "ಅಡ್ಡಿಯಿಲ್ರಿ ಯಜಮಾನ್ರ" ಅಂದ. ಆಮೇಲೆ ನಾವಿಬ್ಬರೂ ಸೇರಿ ಸಾವ್ಕಾರರನ್ನು ಎಳೆದೆವು. ಪ್ಯಾಂಟು ಬಂತು, ಚಪ್ಪಲಿ ಇನ್ನೂ ಕೆರೆಯಲ್ಲೇ ಇದೆ.

೪. ಎಣಿಕೆ ದಿನ

ಕೊನೆಗೂ ಆ ದಿನ ಬಂತು. ಎಣಿಕೆಗೆಂದು ಬಂದ ಮೇಡಂ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದೊಡ್ಡ ಟೆಲಿಸ್ಕೋಪು ನಿಲ್ಲಿಸಿ, ಹತ್ತಿರದ ಜಾಲಿ ಮರದ ಕೊಕ್ಕರೆ ಎಣಿಸಿ, "ನಲವತ್ತೊಂದು, ಮರಿ ಇಲ್ಲ" ಅಂತ ಬರೆದುಕೊಂಡರು.

ನನಗೆ ಸುಮ್ಮನಿರಲು ಆಗಲಿಲ್ಲ. "ಮೇಡಂ, ನಲವತ್ತೊಂದು ಫುಲ್ಲು ಖರೆ. ಮ್ಯಾಗ ಹಾಫ್ ಅದಾವ್ರಿ."

ಗಾರ್ಡ್ ನನ್ನ ಅಂಗಿ ಜಗ್ಗಿದ. "ಯಜಮಾನ್ರ, ಮರ್ಯಾದಿ ಕಳೀಬ್ಯಾಡ್ರಿ."

ಮೇಡಂ ಮತ್ತೆ ಇಣುಕಿದರು. "ಎಲ್ಲಿ? ಮರಿ ಒಂದೂ ಇಲ್ಲವಲ್ಲ?"

"ಅಗೋ, ತುದಿ ಗೂಡಿನಾಗ ರೆಕ್ಕಿ ಹರವಿಕೊಂಡು ನಿಂತಾಳಲ್ರಿ, ಅಕಿ ಹತ್ರ."

"ಅದು ಬಿಸಿಲಿಗೆ ಹಾಗೆ ನಿಂತಿದೆ ಅಷ್ಟೆ" ಅಂದರು ಮೇಡಂ. ಆದರೂ ಕಾದರು. ಇದು ತಪ್ಪಿದರೆ ನಾಳೆಯಿಂದ ಕೆರೆ ಇಲ್ಲ, ಕೊಕ್ಕರೆ ಇಲ್ಲ. ಕಾಲು ಗಂಟೆ ಕಳೆದ ಮೇಲೆ ಸೂರ್ಯನಿಗೆ ಮೋಡ ಅಡ್ಡ ಬಂತು. ತಾಯಿ ರೆಕ್ಕೆ ಮಡಚಿತು. ಕೆಳಗಿಂದ ಒಂದು ಕತ್ತು ಎದ್ದಿತು. ಇನ್ನೊಂದು. ಮತ್ತೊಂದು.

ಮೇಡಂ ಬರೆದಿದ್ದನ್ನು ಹೊಡೆದುಹಾಕಿ "ಮರಿ ಮೂರು" ಅಂತ ತಿದ್ದಿದರು. ಗಾರ್ಡ್ ಎಲ್ಲರೆದುರು ನನ್ನ ಹೆಗಲ ಮೇಲೆ ಕೈ ಹಾಕಿದ. "ನಾಳಿ ಮುಂಜಾನೆ ಆರಕ್ಕ ಬಂದುಬಿಡ್ರಿ ಯಜಮಾನ್ರ. ನೀವಿಲ್ಲಾಂದ್ರ ಗೇಟ ತೆಗ್ಯಂಗಿಲ್ಲ." ಸುಳ್ಳೇಕೆ ಹೇಳಲಿ, ನನ್ನ ಕಣ್ಣು ತುಂಬಿತು.

ಮೇಡಂ ಮಾತ್ರ ಬಿಡಲಿಲ್ಲ. "ಇಷ್ಟು ದೊಡ್ಡ ಟೆಲಿಸ್ಕೋಪಿನಲ್ಲಿ ನನಗೆ ಕಾಣದ್ದು ನಿಮಗೆ ಹೇಗೆ ಗೊತ್ತಾಯಿತು?"

"ನಮ್ಮ ಬಸ್ಸಿನಾಗ ಮೂವತ್ತು ವರ್ಷ ನೋಡೀನ್ರಿ ಮೇಡಂ" ಅಂದೆ. "ಕಂಡಕ್ಟರ್ ಹತ್ರ ಬರೂ ಹೊತ್ತಿಗೆ ತಾಯಿ ಸೆರಗು ಅಗಲ ಮಾಡಿ ಹೊದ್ಕೊಂಡ್ಲು ಅಂದ್ರ, ಕೆಳಗ ಹಾಫ್ ಟಿಕೆಟ್ ಇದ್ದೇ ಇರತೈತಿ."